ಉಳಿದ ರೀಲು, ಅಳಿದ ಕಂತು

ಲಂಡನ್ನಿನ ಬೀದಿಯಲ್ಲಿ ಒಂದು ಜೋಡಿ. ಡಾಕ್ಟರ್ ಡೇವಿಡ್ ಕೀಲ್ ಮತ್ತು ಅವನು ಮದುವೆಯಾಗಲಿರುವ ಪೆಗ್ಗಿ. ಉಂಗುರ ಕೊಳ್ಳಲು ಹೊರಟವರು. ಮಾದಕವಸ್ತು ಸಾಗಿಸುವ ತಂಡವೊಂದರ ಪೊಟ್ಟಣ ತಪ್ಪಿ ಕೀಲ್‌ನ ಕ್ಲಿನಿಕ್ಕಿಗೆ ಬಂದಿತ್ತು. ಅದನ್ನು ತಂದುಕೊಟ್ಟವನ ಮುಖವನ್ನು ಪೆಗ್ಗಿ ನೋಡಿಬಿಟ್ಟಿದ್ದಳು. ಅಷ್ಟೇ ಅವಳ ತಪ್ಪು. ಗುಂಡಿನ ಸದ್ದಿಗೆ ಪೆಗ್ಗಿ ಕುಸಿಯುತ್ತಾಳೆ. ಸ್ವಲ್ಪ ಹೊತ್ತಿಗೆ ರೀಲು ಮುಗಿಯುತ್ತದೆ. ಕಥೆ ಇನ್ನೂ ಬಹಳ ಇದೆ, ಆದರೆ ಮುಂದಿನ ರೀಲು ಇಂದಿನವರೆಗೂ ಯಾರ ಕೈಗೂ ಸಿಕ್ಕಿಲ್ಲ.

ಇದು 1961ರ ಜನವರಿ 7ರ ಶನಿವಾರ ಪ್ರಸಾರವಾದ ‘ಹಾಟ್ ಸ್ನೋ’, ‘ದಿ ಅವೆಂಜರ್ಸ್’ ಎಂಬ ಬ್ರಿಟಿಷ್ ಗೂಢಚಾರ-ಪತ್ತೇದಾರಿ ಧಾರಾವಾಹಿಯ ಮೊಟ್ಟಮೊದಲ ಕಂತು. (ಅಮೆರಿಕದ ಸೂಪರ್‌ಹೀರೋ ಚಿತ್ರಗಳಿಗೂ ಇದಕ್ಕೂ ನಂಟಿಲ್ಲ.) ಜಾನ್ ಸ್ಟೀಡ್ ಎಂಬ ಗೂಢಚಾರ ಮೊದಲ ಬಾರಿಗೆ ಎದುರಾಗಿ, ದುಃಖದಲ್ಲಿ ಮುಳುಗಿದ ಡಾಕ್ಟರನಿಗೆ ಸೇಡು ತೀರಿಸಿಕೊಳ್ಳುವ ದಾರಿ ತೋರಿಸುವುದು ಆ ಕಳೆದುಹೋದ ಭಾಗದಲ್ಲಿ. ಮುಂದೆ 1969ರವರೆಗೆ ಧಾರಾವಾಹಿಯನ್ನು ಹೆಗಲ ಮೇಲೆ ಹೊತ್ತವನು ಈ ಸ್ಟೀಡ್. ಪ್ಯಾಟ್ರಿಕ್ ಮೆಕ್ನೀ ಎಂಬ ನಟ ಆ ಪಾತ್ರವಾಗಿ ಮೊದಲು ಹೇಗೆ ಬಂದು ನಿಂತ, ಮೊದಲ ಮಾತನ್ನು ಯಾವ ದನಿಯಲ್ಲಿ ಆಡಿದ ಎಂಬುದನ್ನು ನೋಡುವ ದಾರಿ ಈಗ ಇಲ್ಲ. ಇಷ್ಟು ದೊಡ್ಡ ಮನೆಗೆ ಹೊಸ್ತಿಲೇ ಇಲ್ಲ.

ನಾನು ಮೊದಲು ಕಂಡದ್ದು ಈ ಧಾರಾವಾಹಿಯ ಬಣ್ಣದ ಕಂತುಗಳನ್ನು. ಬೌಲರ್ ಹ್ಯಾಟು, ಮಡಿಸಿದ ಕೊಡೆ, ಹಳೆಯ ಬೆಂಟ್ಲಿ ಕಾರು, ಪಕ್ಕದಲ್ಲಿ ಎಮ್ಮಾ ಪೀಲ್ ಆಗಿ ಡಯಾನಾ ರಿಗ್. ಎಲ್ಲವೂ ಹಗುರ, ಎಲ್ಲವೂ ಚೂಟಿ. ಇತ್ತೀಚೆಗೆ ಮತ್ತೆ ನೋಡಲು ಕೂತಾಗ ಮೊದಲಿನಿಂದ ಕ್ರಮವಾಗಿ ನೋಡೋಣ ಎಂದುಕೊಂಡೆ. ಆ ಮೊದಲು ಎಂಬುದೇ ಇಲ್ಲ ಎಂದು ಗೊತ್ತಾದ ಮೇಲೆ ನಾನು ನೋಡುತ್ತಿದ್ದ ರೀತಿಯೇ ಬದಲಾಯಿತು. ಕಳ್ಳನನ್ನು ಹಿಡಿಯುವ ಕಥೆಗಿಂತ, ಇದರಲ್ಲಿ ಯಾವುದು ಹೇಗೆ ಉಳಿಯಿತು, ಯಾವುದು ಏಕೆ ಹೋಯಿತು ಎಂಬ ಕಥೆಯೇ ನನ್ನನ್ನು ಹಿಡಿದು ಕೂರಿಸಿತು.

ಮೊದಲ ಸರಣಿಯಲ್ಲಿ ಇದ್ದದ್ದು 26 ಕಂತು. ಪೂರ್ತಿಯಾಗಿ ಉಳಿದಿರುವುದು ಮೂರು: ‘ಗರ್ಲ್ ಆನ್ ದ ಟ್ರಪೀಜ್’, ‘ದ ಫ್ರೈಟ್ನರ್ಸ್’, ‘ಟನಲ್ ಆಫ್ ಫಿಯರ್’. ಅವುಗಳ ಜೊತೆಗೆ ‘ಹಾಟ್ ಸ್ನೋ’ದ ಆ ಒಂದು ತುಂಡು. ಆ ತುಂಡೂ ‘ಟ್ರಪೀಜ್’ ಕಂತೂ ಸಿಕ್ಕಿದ್ದು ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಚಿತ್ರ ಸಂಗ್ರಹಾಲಯದಲ್ಲಿ, ಹುಟ್ಟಿದ ಊರಿನಿಂದ ಸಾಗರದಾಚೆ. ‘ಟನಲ್ ಆಫ್ ಫಿಯರ್’ ಪತ್ತೆಯಾದದ್ದು 2016ರಲ್ಲಿ. ಹಾಗೆ ಉಳಿದ ‘ಟ್ರಪೀಜ್’ ಕಂತಿನಲ್ಲಿ ಸ್ಟೀಡ್ ಬರುವುದೇ ಇಲ್ಲ. ಸರ್ಕಸ್ಸಿನ ಹಿನ್ನೆಲೆಯ ಆ ಕಥೆಯನ್ನು ಕೀಲ್ ಮತ್ತು ಅವನ ಸಹಾಯಕಿ ಕ್ಯಾರಲ್ ಇಬ್ಬರೇ ನಡೆಸುತ್ತಾರೆ. ಮುಂದಿನ ಕಂತುಗಳೆಲ್ಲ ನಾಶವಾಗಿ ಇದೊಂದೇ ಮಿಕ್ಕಿದ್ದರೆ, ಸ್ಟೀಡ್ ಎಂಬೊಬ್ಬನಿದ್ದ ಎಂದು ನಾವು ಕಾಗದಪತ್ರ ನೋಡಿಯೇ ನಂಬಬೇಕಿತ್ತು. ಉಳಿಯುವ ವಸ್ತುವಿಗೆ ತಾನೇಕೆ ಉಳಿದೆ ಎಂಬುದಕ್ಕೆ ಹೇಳಿಕೊಳ್ಳುವಂಥ ಕಾರಣವಿರುವುದಿಲ್ಲ. ಯೋಗ್ಯವಾದದ್ದು ಉಳಿಯಿತು, ಉಳಿದದ್ದು ಯೋಗ್ಯವಾಗಿತ್ತು ಎಂದು ಸಾಹಿತ್ಯ, ಶಾಸನ, ಶಿಲ್ಪಗಳ ವಿಚಾರದಲ್ಲಿ ನಾವು ಆಗಾಗ ಹೇಳುವ ಮಾತನ್ನು ಈ ಸರಣಿ ನೋಡಿದ ಮೇಲೆ ಅಷ್ಟು ಸುಲಭವಾಗಿ ಹೇಳಲಾರೆ.

ನಾಶ ಆದದ್ದಾದರೂ ಹೇಗೆ? ಬೆಂಕಿ ಬಿದ್ದು ಅಲ್ಲ, ಯುದ್ಧದಲ್ಲೂ ಅಲ್ಲ. ಇದನ್ನು ತಯಾರಿಸಿದ ಎಬಿಸಿ ಟೆಲಿವಿಷನ್ ಎಂಬ ಸಂಸ್ಥೆ ಇಂಗ್ಲೆಂಡಿನ ಮಧ್ಯಭಾಗಕ್ಕೂ ಉತ್ತರ ಭಾಗಕ್ಕೂ ವಾರಾಂತ್ಯದ ಕಾರ್ಯಕ್ರಮ ಒದಗಿಸುವ ಪರವಾನಗಿ ಪಡೆದಿತ್ತು. ಅಲ್ಲಿ ನಾಟಕ ವಿಭಾಗದ ಮುಖ್ಯಸ್ಥರಾಗಿದ್ದವರು ಕೆನಡಾದ ಸಿಡ್ನಿ ನ್ಯೂಮನ್. ಮುಂದೆ ಬಿಬಿಸಿಗೆ ಹೋಗಿ ‘ಡಾಕ್ಟರ್ ಹೂ’ ಹುಟ್ಟುಹಾಕಿದವರಲ್ಲಿ ಒಬ್ಬರು. ‘ಪೊಲೀಸ್ ಸರ್ಜನ್’ ಎಂಬ ಧಾರಾವಾಹಿಯಲ್ಲಿ ವೈದ್ಯನಾಗಿ ಜನರ ಮೆಚ್ಚುಗೆ ಗಳಿಸಿದ್ದ ಇಯಾನ್ ಹೆಂಡ್ರಿಯನ್ನು ಇಟ್ಟುಕೊಂಡು ಇನ್ನಷ್ಟು ಬಿರುಸಿನ ಕಥೆ ಮಾಡಬೇಕೆಂದು ಹೊರಟಾಗ ‘ಅವೆಂಜರ್ಸ್’ ರೂಪುಗೊಂಡಿತು. ಹಲವು ಕಂತುಗಳು ಸ್ಟುಡಿಯೋದಿಂದ ನೇರಪ್ರಸಾರವಾದವು. ಮಿಕ್ಕವು ಟೇಪಿಗೆ ಮುದ್ರಿತವಾದರೂ ನೇರಪ್ರಸಾರದ ರೀತಿಯಲ್ಲೇ, ಎಲ್ಲೂ ನಿಲ್ಲಿಸದೆ ನಡೆದವು. ಎರಡಂಗುಲ ಅಗಲದ ಆ ವೀಡಿಯೋ ಟೇಪು ದುಬಾರಿ. ಒಂದು ಕಂತು ಪ್ರಸಾರವಾದ ಮೇಲೆ ಅದೇ ಟೇಪಿನ ಮೇಲೆ ಇನ್ನೊಂದು ಕಾರ್ಯಕ್ರಮ. ಮನೆಯಲ್ಲಿ ಕೂತು ಹಳೆಯ ಕಂತನ್ನು ಹಾಕಿಕೊಂಡು ನೋಡಬಹುದೆಂಬ ಕಲ್ಪನೆ ಆಗ ಯಾರಿಗೂ ಇರಲಿಲ್ಲ. ಮರುಪ್ರಸಾರಕ್ಕೂ ಕಲಾವಿದರ ಸಂಘದೊಡನೆ ಮಾಡಿಕೊಂಡ ಒಪ್ಪಂದಗಳ ಮಿತಿ. ಟಿವಿ ಪರದೆಯ ಮುಂದೆ ಫಿಲ್ಮ್ ಕ್ಯಾಮೆರಾ ಇಟ್ಟು ತೆಗೆದ ಪ್ರತಿಗಳು ಕೆಲವು ಇದ್ದವು, ಅವನ್ನೂ ಜಾಗಕ್ಕಾಗಿ ತೆಗೆದೆಸೆದರು. ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ನಮ್ಮಲ್ಲೂ 1934ರ ‘ಸತಿ ಸುಲೋಚನ’, ಕನ್ನಡದ ಮೊದಲ ಟಾಕಿ, ಇಂದು ನೋಡಲು ಸಿಗದು. ಅದನ್ನು ನಾಶಮಾಡಬೇಕೆಂದು ಯಾರೂ ಹೊರಟಿರಲಿಲ್ಲ. ಉಳಿಸಿಕೊಳ್ಳಬೇಕೆಂದೂ ಹೊರಡಲಿಲ್ಲ, ಅಷ್ಟೇ. ಅಷ್ಟು ಸಾಕಾಗುತ್ತದೆ ಎಂಬುದು ನನಗೆ ನಿಜಕ್ಕೂ ಭಯ ಹುಟ್ಟಿಸುವ ಸಂಗತಿ.

ಇನ್ನೂ ಹತ್ತಿರ ಹೋಗಿ ನೋಡಿದರೆ, ಕಳೆದುಹೋದದ್ದು ಎಂದು ನಾವು ಹೇಳುವ ಆ ಚಿತ್ರ ಇದ್ದದ್ದಾದರೂ ಯಾವಾಗ ಎಂಬ ಪ್ರಶ್ನೆ ಏಳುತ್ತದೆ. ಆ ಕಾಲದ ಬ್ರಿಟಿಷ್ ಟಿವಿ ಚಿತ್ರಕ್ಕೆ 405 ಗೆರೆಗಳು. ಕೊಳವೆಯೊಳಗಿಂದ ಹೊರಟ ಎಲೆಕ್ಟ್ರಾನುಗಳ ಎಳೆಯೊಂದು ಗಾಜಿನ ಹಿಂಬದಿಗೆ ಬಡಿದು, ಗೆರೆಯಿಂದ ಗೆರೆಗೆ ಜಾರುತ್ತ ಸೆಕೆಂಡಿಗೆ 25 ಚಿತ್ರಗಳನ್ನು ಬರೆಯುತ್ತಿತ್ತು. ಯಾವ ಕ್ಷಣದಲ್ಲಿ ನಿಲ್ಲಿಸಿ ನೋಡಿದರೂ ಪರದೆಯ ಮೇಲೆ ಹೊಳೆಯುತ್ತಿರುವುದು ಒಂದು ಚುಕ್ಕೆ, ಅದರ ಹಿಂದೆ ಆರುತ್ತಿರುವ ಸ್ವಲ್ಪ ಬೆಳಕು. ಪೆಗ್ಗಿಯ ಇಡೀ ಮುಖ ಪರದೆಯ ಮೇಲೆ ಒಮ್ಮೆಯೂ ಇರಲಿಲ್ಲ. ಅದನ್ನು ಒಟ್ಟುಗೂಡಿಸಿದ್ದು ನೋಡುವವರ ಕಣ್ಣು.

ಎಲ್ಲವೂ ಕ್ಷಣಿಕ ಎಂದು ವಾದಿಸಿದ ಬೌದ್ಧ ದಾರ್ಶನಿಕರು ದೀಪದ ಜ್ವಾಲೆಯನ್ನು ತೋರಿಸುತ್ತಿದ್ದರು. ಸಂಜೆ ಹಚ್ಚಿದ ದೀಪ ರಾತ್ರಿಯೂ ಉರಿಯುತ್ತಿದೆ ಎನ್ನುತ್ತೇವೆ, ಆದರೆ ಈ ಕ್ಷಣದ ಜ್ವಾಲೆ ಆರಿದ ಮೇಲೆಯೇ ಮುಂದಿನ ಕ್ಷಣದ ಜ್ವಾಲೆ. ಒಂದರಂತೆ ಒಂದು ಇರುವುದರಿಂದ ಅದೇ ಇದು ಎಂದು ನಾವು ಗುರುತಿಸಿಬಿಡುತ್ತೇವೆ. ಟಿವಿಯ ಚಿತ್ರದ ವಿಚಾರದಲ್ಲಿ ಅವರ ಮಾತಿಗೆ ಒಂದಕ್ಷರ ಸೇರಿಸಬೇಕಾಗಿಲ್ಲ. ಶಂಕರರು ಇದಕ್ಕೆ ಕೊಟ್ಟ ಉತ್ತರವೂ ನನ್ನನ್ನು ಬಿಡುವುದಿಲ್ಲ. ಅವರು ಎದುರಿಗಿಟ್ಟದ್ದು ನೆನಪನ್ನು. ನಿನ್ನೆ ಕಂಡವನೂ ಇಂದು ನೆನೆಯುವವನೂ ಬೇರೆ ಬೇರೆಯಾದರೆ, ಅದನ್ನು ಕಂಡವನು ನಾನೇ ಎಂಬ ಅರಿವು ಹುಟ್ಟುವುದಾದರೂ ಹೇಗೆ? ಹಳೆಯ ಧಾರಾವಾಹಿಯನ್ನು ಮತ್ತೆ ನೋಡುವವನಿಗೆ ಈ ಇಬ್ಬರ ವಾದವೂ ಒಂದೇ ಕುರ್ಚಿಯಲ್ಲಿ ಕೂತಾಗ ಮೈಮೇಲೆ ಬರುತ್ತದೆ. ಪರದೆಯ ಮೇಲಿನದು ಕ್ಷಣಕ್ಷಣಕ್ಕೂ ಬೇರೆ, ಒಪ್ಪಿದೆ. ಆದರೆ ಈ ಹೊಡೆದಾಟದ ನಂತರ ಎಮ್ಮಾ ಪೀಲ್ ಹುಬ್ಬೇರಿಸಿ ನಗುತ್ತಾಳೆ ಎಂದು ಮುಂಚೆಯೇ ಗೊತ್ತಿರುವ ಒಬ್ಬ ಇಲ್ಲಿ ಕೂತಿದ್ದಾನಲ್ಲ, ಅವನು ಯಾರು? ಆಗ ಅವಳ ಹೊಡೆತದ ಚುರುಕಿಗೆ ಕಣ್ಣರಳಿಸಿದವನು ಈಗ ಹಿಂದೆ ನಿಂತ ಮುದಿ ಬ್ರಿಗೇಡಿಯರನ ಪಾತ್ರಧಾರಿಯ ನಡುಗುವ ಕೈಯನ್ನು ನೋಡುತ್ತಿದ್ದಾನೆ. ನೆನಪಿನ ದಾರ ಒಂದೇ. ಅದಕ್ಕೆ ಪೋಣಿಸಿದ ನೋಟ ಒಂದಲ್ಲ. ಶಂಕರರ ಪಕ್ಷ ವಹಿಸಬೇಕೆಂದು ಆಸೆಯಿದ್ದರೂ, ನೋಡುತ್ತ ಹೋದಂತೆ ಬೌದ್ಧರ ಕಡೆಗೆ ವಾಲುತ್ತೇನೆ ಎಂದು ಪ್ರಾಮಾಣಿಕವಾಗಿ ಹೇಳಬೇಕು.

ಆ ದಿನಗಳಲ್ಲಿ ಜಾನ್ ಕ್ಯೂರಾ ಎಂಬ ಛಾಯಾಗ್ರಾಹಕ ಒಂದು ವಿಚಿತ್ರ ವೃತ್ತಿ ನಡೆಸುತ್ತಿದ್ದರು. ಕಾರ್ಯಕ್ರಮ ಪ್ರಸಾರವಾಗುತ್ತಿರುವಾಗ ಟಿವಿ ಪರದೆಗೇ ಕ್ಯಾಮೆರಾ ಗುರಿಯಿಟ್ಟು ಸಾಲುಸಾಲಾಗಿ ಚಿತ್ರ ತೆಗೆಯುವುದು, ಅವನ್ನು ನಟರಿಗೂ ನಿರ್ದೇಶಕರಿಗೂ ಮಾರುವುದು. ಮಾಡಿದ ಕೆಲಸಕ್ಕೆ ಬೇರೆ ಗುರುತೇ ಇರದ ಕಾಲದಲ್ಲಿ ಅದೊಂದೇ ಗುರುತು. ‘ಅವೆಂಜರ್ಸ್’ ಮೊದಲ ಸರಣಿಯ ಹಲವು ಕಂತುಗಳು ಇಂದು ಉಳಿದಿರುವುದು ಈ ಹೆಬ್ಬೆರಳಗಲದ ಚಿತ್ರಗಳಾಗಿ. ಅವುಗಳಲ್ಲಿ ಹೆಂಡ್ರಿ ಒಂದು ಚಿತ್ರದಲ್ಲಿ ಬಾಗಿಲ ಬಳಿ ಇದ್ದಾನೆ, ಮುಂದಿನದರಲ್ಲಿ ಕಿಟಕಿಯ ಬಳಿ. ನಡುವೆ ಅವನು ಹೇಗೆ ನಡೆದ? ನಟನ ಕಲೆ ಇರುವುದು ಆ ನಡುವೆಯೇ. ಅದನ್ನು ನೋಡುವವನು ತನ್ನ ಮನಸ್ಸಿನಿಂದ ತುಂಬಿಕೊಳ್ಳಬೇಕು. ಈ ಚಿತ್ರಗಳನ್ನೂ ಉಳಿದ ಹಸ್ತಪ್ರತಿಗಳನ್ನೂ ಜೋಡಿಸಿ ಅಭಿಮಾನಿಗಳು ಕಂತುಗಳನ್ನು ಮರಳಿ ಕಟ್ಟಿದ್ದಾರೆ. 2014ರಿಂದ ಬಿಗ್ ಫಿನಿಶ್ ಎಂಬ ಸಂಸ್ಥೆ ಅದೇ ಕಥೆಗಳನ್ನು ಬೇರೆ ನಟರಿಂದ ಧ್ವನಿ ನಾಟಕಗಳಾಗಿ ಆಡಿಸಿತು. ಇದು ನನಗೆ ತುಂಬ ಹಿಡಿಸಿದ ಕೆಲಸ. ಹೋದದ್ದು ಬಂತು ಎಂದು ಅವರು ಹೇಳಿಕೊಳ್ಳುವುದಿಲ್ಲ. ಅದೇ ಮಾತನ್ನು ಈಗಿನವರ ಬಾಯಿಗೆ ಕೊಟ್ಟು ಇನ್ನೊಮ್ಮೆ ಆಡಿಸುತ್ತಾರೆ.

ಹೆಂಡ್ರಿ ಮೊದಲ ಸರಣಿಯ ನಂತರ ಬಿಟ್ಟುಹೋದ. ಕಲಾವಿದರ ಮುಷ್ಕರದಿಂದ ಚಿತ್ರೀಕರಣ ತಿಂಗಳುಗಟ್ಟಲೆ ನಿಂತಿತ್ತು, ಅವನಿಗೆ ಸಿನಿಮಾದ ಕರೆಯೂ ಬಂದಿತ್ತು. ಅವನ ಜಾಗಕ್ಕೆ 1962ರಲ್ಲಿ ಬಂದವಳು ಕ್ಯಾಥಿ ಗೇಲ್, ಹಾನರ್ ಬ್ಲ್ಯಾಕ್‌ಮನ್ ಆಡಿದ ಪಾತ್ರ. ಮಾನವಶಾಸ್ತ್ರ ಬಲ್ಲ ವಿಧವೆ, ಜೂಡೋ ಕಲಿತವಳು, ಸ್ಟೀಡ್‌ನ ನೈತಿಕತೆಯನ್ನು ಮುಖಕ್ಕೆ ಹೊಡೆದಂತೆ ಪ್ರಶ್ನಿಸುವವಳು. ಥೇಮ್ಸ್ ದಡದ ಟೆಡ್ಡಿಂಗ್ಟನ್ ಸ್ಟುಡಿಯೋದಲ್ಲಿ ತಯಾರಾದ, ಅವಳಿದ್ದ ಎರಡು ಸರಣಿಗಳೂ ಪೂರ್ತಿ ಉಳಿದಿವೆ. ತಪ್ಪಿದ ಮಾತೂ ಅಲುಗಾಡಿದ ಗೋಡೆಯೂ ಹಾಗೆಯೇ ಉಳಿದಿವೆ. ನಟನೊಬ್ಬ ಮಾತು ಮರೆತು ತಡವರಿಸುತ್ತಾನೆ, ಎದುರಿನವರು ಕಣ್ಣಲ್ಲೇ ಕೈಹಿಡಿದು ದಾಟಿಸುತ್ತಾರೆ. ಮತ್ತೆ ತೆಗೆಯೋಣ ಎನ್ನುವಂತಿರಲಿಲ್ಲ. ಅಚ್ಚುಕಟ್ಟಾದ ಬಣ್ಣದ ಕಂತುಗಳಿಗಿಂತ ಈ ಎಡವಿದ ಕಂತುಗಳೇ ಈಗ ನನಗೆ ಹೆಚ್ಚು ಪ್ರಿಯ. ಒಂದು ಸಂಜೆಯಲ್ಲಿ, ಒಂದೇ ಸಲ, ಹಿಂದಿರುಗಿ ತಿದ್ದಲಾಗದಂತೆ ಏನೋ ನಡೆಯಿತು ಎಂಬುದಕ್ಕೆ ಆ ತಡವರಿಕೆಯೇ ಸಾಕ್ಷಿ. ಆ ಸ್ಟುಡಿಯೋ ಈಗ ಇಲ್ಲ. ಕಟ್ಟಡ ಕೆಡವಿ ಅಲ್ಲಿ ವಾಸದ ಅಪಾರ್ಟ್‌ಮೆಂಟುಗಳನ್ನು ಕಟ್ಟಿದ್ದಾರೆ.

ಬ್ಲ್ಯಾಕ್‌ಮನ್ ಬಾಂಡ್ ಚಿತ್ರ ‘ಗೋಲ್ಡ್‌ಫಿಂಗರ್’ಗಾಗಿ ಹೊರಟುಹೋದ ಮೇಲೆ, 1965ರಲ್ಲಿ, ಧಾರಾವಾಹಿ ಟೇಪನ್ನು ಬಿಟ್ಟು ಫಿಲ್ಮಿಗೆ ಬಂತು. ಅಮೆರಿಕಕ್ಕೆ ಮಾರಬೇಕಿತ್ತು, ಅದಕ್ಕೆ 35 ಮಿ.ಮೀ. ಫಿಲ್ಮೇ ಆಗಬೇಕಿತ್ತು. ಬೋರಮ್‌ವುಡ್‌ನ ಎಲ್‌ಸ್ಟ್ರೀ ಸ್ಟುಡಿಯೋ, ಬ್ರಯನ್ ಕ್ಲೆಮೆನ್ಸ್ ಅವರ ಬರವಣಿಗೆ, ಲಾರಿ ಜಾನ್ಸನ್ ಅವರ ಸಂಗೀತ, ಜೊತೆಗೆ ಡಯಾನಾ ರಿಗ್. ಮಾರುಕಟ್ಟೆಯ ಲೆಕ್ಕಾಚಾರವೇ ಈ ಕಂತುಗಳನ್ನು ಕಾಪಾಡಿತು. ನೆಗೆಟಿವ್‌ಗಳು ಎಷ್ಟು ಚೆನ್ನಾಗಿ ಉಳಿದಿವೆಯೆಂದರೆ, 1965ರ ಮನೆಗಳಲ್ಲಿ 405 ಗೆರೆಗಳ ಮಬ್ಬಿನಲ್ಲಿ ಕಂಡವರಿಗಿಂತ ನಾವು ಇಂದು ಸ್ಪಷ್ಟವಾಗಿ ನೋಡುತ್ತೇವೆ. ಹೊಡೆದಾಟದಲ್ಲಿ ಎಮ್ಮಾ ಪೀಲ್‌ಗೆ ಬದಲಾಗಿ ಇಳಿದ ಡೂಪ್‌ನ ಮುಖ, ವಿಗ್ಗಿನ ಅಂಚು, ಕೋಟೆಯ ಗೋಡೆಗೆ ಬಳಿದ ಬಣ್ಣ ಎಲ್ಲವೂ ಕಾಣುತ್ತವೆ. ಅವರು ಕಾಣಲೆಂದು ಮಾಡಿದ್ದನ್ನಷ್ಟೇ ನಾವು ಕಾಣುತ್ತಿಲ್ಲ. ಅವರು ಮರೆಮಾಡಿದ್ದೆಂದು ನಂಬಿದ್ದನ್ನೂ ಕಾಣುತ್ತಿದ್ದೇವೆ. ಒಂದು ವಸ್ತುವನ್ನು ಇದ್ದಂತೆಯೇ ಇಟ್ಟುಕೊಂಡರೂ ಅದು ಇದ್ದಂತೆ ಇರುವುದಿಲ್ಲ. ಹೋಗುವುದರಲ್ಲಿ ಎರಡು ಬಗೆ ಎಂದು ನನಗೆ ತೋರುವುದು ಇಲ್ಲಿಯೇ. ಮೊದಲ ಸರಣಿ ಹೋದದ್ದು ವಸ್ತುವೇ ಅಳಿಸಿಹೋಗಿ. ಈ ಫಿಲ್ಮಿನ ಕಂತುಗಳು ಹೋಗುತ್ತಿರುವುದು ತಾವು ಕದಲದೆ ಇದ್ದು, ತಮ್ಮ ಸುತ್ತಲಿನ ಲೋಕವನ್ನು ಒಂದೊಂದಾಗಿ ಕಳೆದುಕೊಂಡು. ಎರಡನೆಯದು ಸದ್ದಿಲ್ಲದ್ದು, ಆದ್ದರಿಂದ ಕಣ್ಣಿಗೆ ಬೀಳದು.

ತಮಾಷೆಯ ಧಾರಾವಾಹಿ ಎಂದು ಹೆಸರಾದ ಇದರ ಒಳಗೆ ಈ ಸದ್ದಿಲ್ಲದ ಅಳಿವಿನ ಅರಿವು ಆಗಲೇ ಇತ್ತೆಂಬುದು ಈ ಸಲ ನೋಡುವಾಗ ನನಗೆ ಹೊಳೆದದ್ದು. 1965ರ ‘ದ ಗ್ರೇವ್‌ಡಿಗ್ಗರ್ಸ್’ ಕಂತನ್ನೇ ನೋಡಿ. ಸರ್ ಹೊರೇಸ್ ವಿನ್ಸ್‌ಲಿಪ್ ಎಂಬ ಶ್ರೀಮಂತ ಮುದುಕನಿಗೆ ರೈಲೆಂದರೆ ಪ್ರಾಣ. ಮನೆಯೊಳಗೇ ರೈಲಿನ ಊಟದ ಡಬ್ಬಿ ಕಟ್ಟಿಸಿಕೊಂಡಿದ್ದಾನೆ. ಅವನು ಊಟಕ್ಕೆ ಕೂತಾಗ ಕಿಟಕಿಯಾಚೆ ಬಣ್ಣ ಬಳಿದ ಬಯಲು, ಮರ, ಬೆಟ್ಟಗಳು ಸುರುಳಿಯಾಗಿ ಓಡುತ್ತವೆ. ಡಬ್ಬಿ ಎಲ್ಲಿಗೂ ಹೋಗುವುದಿಲ್ಲ. ನಗು ಬರುತ್ತದೆ. ಆದರೆ ಇದಕ್ಕೆ ಎರಡೇ ವರ್ಷ ಮುಂಚೆ, 1963ರಲ್ಲಿ, ರಿಚರ್ಡ್ ಬೀಚಿಂಗ್ ಅವರ ವರದಿ ಬ್ರಿಟನ್ನಿನ 2,000ಕ್ಕೂ ಹೆಚ್ಚು ರೈಲು ನಿಲ್ದಾಣಗಳನ್ನು ಮುಚ್ಚಬೇಕೆಂದು ಹೇಳಿತ್ತು. ಹಳ್ಳಿಹಳ್ಳಿಯ ಹಳಿಗಳನ್ನು ಕೀಳುತ್ತಿದ್ದ ಕಾಲವದು. ಆ ವಾರ ಈ ಕಂತು ನೋಡಿದ ಎಷ್ಟೋ ಮನೆಗಳವರಿಗೆ ಸರ್ ಹೊರೇಸ್ ಬರೀ ತಿಕ್ಕಲನಾಗಿ ಕಂಡಿರಲಾರ. ಹೋಗುತ್ತಿರುವುದನ್ನು ನಿಲ್ಲಿಸಲಾಗದವನು ತಾನೇ ಕೂತು ನೋಟವನ್ನು ಓಡಿಸುತ್ತಾನೆ. ಇದೇ ಕಂತಿನಲ್ಲಿ ಎಮ್ಮಾ ಪೀಲ್‌ಳನ್ನು ಪುಟಾಣಿ ರೈಲಿನ ಹಳಿಗೆ ಕಟ್ಟಿಹಾಕುತ್ತಾರೆ. ಅದನ್ನು ಚಿತ್ರಿಸಿದ್ದು ಲೆಸ್ಟರ್‌ಶೈರ್‌ನ ಸ್ಟೇಪಲ್‌ಫರ್ಡ್‌ನಲ್ಲಿ. ಡಯಾನಾ ರಿಗ್ ರೈಲ್ವೆ ಎಂಜಿನಿಯರರ ಮಗಳು. ತಂದೆ ಬಿಕಾನೇರ್ ಸಂಸ್ಥಾನದ ರೈಲ್ವೆಯಲ್ಲಿದ್ದರು, ಎಂಟನೆಯ ವಯಸ್ಸಿನವರೆಗೆ ಅವಳು ಬೆಳೆದದ್ದು ಅಲ್ಲಿಯೇ, ಹಿಂದಿ ಮಾತಾಡಿಕೊಂಡು. ಆ ಸಂಸ್ಥಾನವೂ ಅದರ ರೈಲ್ವೆಯೂ ಸ್ವತಂತ್ರ ಭಾರತದಲ್ಲಿ ಕರಗಿಹೋದವು. ಹಳಿಗೆ ಕಟ್ಟಿಸಿಕೊಂಡು ಕೂಡ ತುಟಿಯಂಚಿನಲ್ಲಿ ನಗುತ್ತಿರುವ ಆ ಹೆಣ್ಣಿನ ಹಿಂದೆ ಮರುಭೂಮಿಯ ಊರೊಂದು ಇದೆ ಎಂದು ತಿಳಿದ ಮೇಲೆ ದೃಶ್ಯ ನನಗೆ ಮೊದಲಿನಂತೆ ಕಾಣುತ್ತಿಲ್ಲ.

ಅದೇ ವರ್ಷದ ‘ದಿ ಅವರ್ ದಟ್ ನೆವರ್ ವಾಸ್’ ಇನ್ನೂ ಆಳಕ್ಕೆ ಇಳಿಯುತ್ತದೆ. ರೋಜರ್ ಮಾರ್ಷಲ್ ಬರೆದ ಈ ಕಂತಿನಲ್ಲಿ ಸ್ಟೀಡ್ ಯುದ್ಧಕಾಲದಲ್ಲಿ ತಾನಿದ್ದ ವಾಯುನೆಲೆಗೆ ಎಮ್ಮಾಳನ್ನು ಕರೆದುಕೊಂಡು ಹೊರಡುತ್ತಾನೆ. ನೆಲೆಯನ್ನು ಮುಚ್ಚುತ್ತಿದ್ದಾರೆ, ಅದಕ್ಕೊಂದು ಬೀಳ್ಕೊಡುಗೆಯ ಕೂಟ. ದಾರಿಯಲ್ಲಿ ನಾಯಿಯೊಂದು ಅಡ್ಡ ಬಂದು ಕಾರು ರಸ್ತೆ ಬಿಟ್ಟಿಳಿಯುತ್ತದೆ, ಕಾರಿನ ಗಡಿಯಾರ ಹನ್ನೊಂದಕ್ಕೆ ನಿಲ್ಲುತ್ತದೆ. ನಡೆದು ಒಳಗೆ ಹೋದರೆ ಕೂಟಕ್ಕೆ ಎಲ್ಲ ಸಿದ್ಧವಾಗಿದೆ, ಆದರೆ ಒಬ್ಬನೇ ಒಬ್ಬ ಮನುಷ್ಯನಿಲ್ಲ. ಖಾಲಿ ರನ್‌ವೇ, ಖಾಲಿ ಕೋಣೆಗಳು. ಕಂತಿನ ಬಹುಭಾಗ ಇಬ್ಬರೇ ಈ ಖಾಲಿಯಲ್ಲಿ ಓಡಾಡುತ್ತಾರೆ. ಸ್ಟೀಡ್ ಹಳೆಯ ಗೆಳೆಯರ ಮಾತಾಡುತ್ತ ಹೋಗುತ್ತಾನೆ, ಹೆಜ್ಜೆಯ ಸದ್ದು ಗೋಡೆಗೆ ತಾಗಿ ಬರುತ್ತದೆ. ಕೊನೆಗೆ ಇದಕ್ಕೊಂದು ಖಳನಾಯಕನ ವಿವರಣೆ ದೊರೆಯುತ್ತದೆ, ದೊರೆಯಲೇಬೇಕಲ್ಲ. ಆ ವಿವರಣೆ ನನಗೆ ಒಂದಿಷ್ಟೂ ಮುಖ್ಯವೆನಿಸಲಿಲ್ಲ.

ಮುಖ್ಯವೆನಿಸಿದ್ದು ಆ ಪಾತ್ರ ಮಾಡಿದ ಮನುಷ್ಯ. ಪ್ಯಾಟ್ರಿಕ್ ಮೆಕ್ನೀ ಎರಡನೆಯ ಮಹಾಯುದ್ಧದಲ್ಲಿ ನೌಕಾಪಡೆಯ ಟಾರ್ಪಿಡೊ ದೋಣಿಗಳಲ್ಲಿದ್ದವರು. ನಾರ್ಮಂಡಿಯ ದಾಳಿಯ ಹೊತ್ತಿಗೆ ಶ್ವಾಸನಾಳದ ಕಾಯಿಲೆಯಾಗಿ ಆಸ್ಪತ್ರೆ ಸೇರಿದರು. ಅವರು ಮಲಗಿದ್ದಾಗ ಅವರ ದೋಣಿ ಕಾರ್ಯಾಚರಣೆಯಲ್ಲಿ ಮುಳುಗಿತು, ಜೊತೆಗಾರರು ಹೋದರು. ಮುಂದೆ ಸ್ಟೀಡ್ ಪಾತ್ರಕ್ಕೆ ಪಿಸ್ತೂಲು ಕೊಡಲು ಬಂದಾಗ ಅವರು ಬೇಡವೆಂದರು. ಯುದ್ಧದಲ್ಲಿ ಕಂಡದ್ದೇ ಸಾಕಾಗಿತ್ತು. ಹಾಗಾಗಿ ಸ್ಟೀಡ್‌ನ ಆಯುಧ ಕೊಡೆಯಾಯಿತು. ಜಗತ್ತು ಐವತ್ತು ವರ್ಷ ಸೊಗಸುಗಾರಿಕೆ ಎಂದು ಮೆಚ್ಚಿದ್ದರ ಬೇರು ಆ ಮುಳುಗಿದ ದೋಣಿಯಲ್ಲಿದೆ. ಖಾಲಿ ವಾಯುನೆಲೆಯಲ್ಲಿ ಹಳೆಯ ಗೆಳೆಯರನ್ನು ಹುಡುಕುತ್ತ ನಡೆಯುವ ಸ್ಟೀಡ್‌ನ ಮುಖವನ್ನು ಇದನ್ನು ತಿಳಿದು ನೋಡಿ. ಅಲ್ಲಿ ನಟನೆ ಎಷ್ಟು, ಮೆಕ್ನೀ ಎಷ್ಟು ಎಂದು ಬಿಡಿಸಲು ನನಗೆ ಮನಸ್ಸಾಗಲಿಲ್ಲ. ಅದನ್ನು ಚಿತ್ರಿಸಿದ ಹರ್ಟ್‌ಫರ್ಡ್‌ಶೈರ್‌ನ ಬೋವಿಂಗ್ಡನ್ ವಾಯುನೆಲೆಯೂ ಮುಂದೆ, 1972ರಲ್ಲಿ, ಮುಚ್ಚಿತು. ಅದರ ಒಂದು ಭಾಗದಲ್ಲಿ ಈಗ ಸೆರೆಮನೆಯಿದೆ.

ಕ್ಲೆಮೆನ್ಸ್ ಕಟ್ಟಿದ ಈ ಇಂಗ್ಲೆಂಡಿನಲ್ಲಿ ಬೀದಿಗಳು ಖಾಲಿ. ಪೊಲೀಸರಿಲ್ಲ, ಸಂತೆಯಿಲ್ಲ, ಹೊರದೇಶಗಳಿಂದ ಬಂದು ನೆಲೆಸಿದವರ ಮುಖಗಳಿಲ್ಲ. ವೆಸ್ಟ್ ಇಂಡೀಸ್‌ನವರೂ ನಮ್ಮ ಉಪಖಂಡದವರೂ ಲಂಡನ್ನಿನ ಬಸ್ಸು, ಆಸ್ಪತ್ರೆಗಳನ್ನು ನಡೆಸುತ್ತಿದ್ದ ದಶಕವದು. ಈ ಕನಸಿನಲ್ಲಿ ಅವರಿಗೆ ಜಾಗ ಸಿಗಲಿಲ್ಲ. ಇದು ಕೊರತೆಯೇ, ಅದನ್ನು ನಾನು ಮುಚ್ಚಿಡುವುದಿಲ್ಲ. ಬೌಲರ್ ಹ್ಯಾಟಿನ ಇಂಗ್ಲೆಂಡನ್ನು ತಮಗಿಷ್ಟವಾದಂತೆ ಉಳಿಸಿಕೊಳ್ಳಲು ಜೀವಂತ ಇಂಗ್ಲೆಂಡನ್ನು ಚೌಕಟ್ಟಿನ ಹೊರಗೆ ನಿಲ್ಲಿಸಿದರು. ಯಾವ ಗತಕಾಲದ ಮೋಹಕ್ಕೂ ಈ ಬೆಲೆ ತೆರಬೇಕಾಗುತ್ತದೆ, ಮತ್ತು ಅದನ್ನು ತೆರುವವರು ಸಾಮಾನ್ಯವಾಗಿ ಬೇರೆಯವರು.

1968ರ ‘ದ ಫರ್ಗೆಟ್-ಮಿ-ನಾಟ್’ನಲ್ಲಿ ಎಮ್ಮಾ ಪೀಲ್ ಹೊರಡುತ್ತಾಳೆ. ಸತ್ತನೆಂದು ತಿಳಿದಿದ್ದ ಅವಳ ಗಂಡ, ವಿಮಾನ ಚಾಲಕ, ಅಮೆಜಾನ್ ಕಾಡಿನಲ್ಲಿ ಬದುಕಿ ಸಿಕ್ಕಿದ್ದಾನೆ. ಸ್ಟೀಡ್‌ನ ಮನೆಯ ಮೆಟ್ಟಿಲ ಮೇಲೆ ಇಳಿಯುವ ಎಮ್ಮಾ, ಹತ್ತುವ ಹೊಸಬಳು ಟ್ಯಾರಾ ಕಿಂಗ್ ಎದುರಾಗುತ್ತಾರೆ. ಅವನಿಗೆ ಚಹಾವನ್ನು ಯಾವ ದಿಕ್ಕಿನಲ್ಲಿ ಕಲಕಿದರೆ ಇಷ್ಟ ಎಂದು ಹೇಳಿಕೊಟ್ಟು ಎಮ್ಮಾ ಇಳಿದುಹೋಗುತ್ತಾಳೆ. ಕೆಳಗೆ ಕಾರಿನಲ್ಲಿ ಕಾಯುತ್ತಿರುವ ಗಂಡ, ದೂರದಿಂದ ನೋಡಿದರೆ, ಥೇಟು ಸ್ಟೀಡ್‌ನಂತೆ. ಇಷ್ಟು ವರ್ಷ ಜೊತೆಗಿದ್ದು ಅವಳು ಅವನ ಕೈಗೆ ಬಿಟ್ಟುಹೋಗುವುದು ಒಂದು ಹೆಸರನ್ನು: ಅವನು ಅವಳನ್ನು ಮಿಸೆಸ್ ಪೀಲ್ ಎನ್ನದೆ ಎಮ್ಮಾ ಎಂದು ಕರೆಯುತ್ತಾನೆ. ಈ ದೃಶ್ಯವನ್ನು ನೋಡುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ.

1976ರಲ್ಲಿ ಧಾರಾವಾಹಿ ‘ದಿ ನ್ಯೂ ಅವೆಂಜರ್ಸ್’ ಆಗಿ ಮರಳಿತು. ಅದರ ‘ಕೆ ಈಸ್ ಫಾರ್ ಕಿಲ್’ ಕಂತಿನಲ್ಲಿ ಸ್ಟೀಡ್ ಎಮ್ಮಾಳಿಗೆ ಫೋನ್ ಮಾಡುತ್ತಾನೆ. ಆ ತುದಿಯ ಎಮ್ಮಾ ಹತ್ತು ವರ್ಷ ಹಳೆಯ ಫಿಲ್ಮಿನಿಂದ ಕತ್ತರಿಸಿ ಅಂಟಿಸಿದವಳು. ಈ ತುದಿಯಲ್ಲಿ ಮೈ ತುಂಬಿ ಕೂದಲು ನರೆತ ಮೆಕ್ನೀ, ಆ ತುದಿಯಲ್ಲಿ ಇಪ್ಪತ್ತರ ಹರೆಯದ ರಿಗ್. ಒಂದೇ ತಂತಿಯ ಎರಡು ಕೊನೆಗಳಲ್ಲಿ ಎರಡು ಕಾಲ. ಇದು ನನಗೆ ಇಷ್ಟವಾಗಲಿಲ್ಲ. ವಯಸ್ಸಾಗುವ ಹಕ್ಕನ್ನು ಒಬ್ಬ ಹೆಣ್ಣಿನಿಂದ ಕಿತ್ತುಕೊಂಡಂತೆ ಕಂಡಿತು. ಮುಖವನ್ನು ಉಳಿಸಿ ಬದುಕನ್ನು ಬಿಟ್ಟುಬಿಟ್ಟ ಕೆಲಸ ಅದು. ರಿಗ್ ಆ ಹೊತ್ತಿಗೆ ಬೇರೆ ಎಷ್ಟೋ ಆಗಿದ್ದರು.

ಹೆಂಡ್ರಿ 1984ರಲ್ಲಿ, ಇನ್ನೂ 53ರಲ್ಲೇ ತೀರಿಕೊಂಡರು. ಮೆಕ್ನೀ 2015ರಲ್ಲಿ, 93 ತುಂಬಿ. ಬ್ಲ್ಯಾಕ್‌ಮನ್ ಮತ್ತು ರಿಗ್ ಇಬ್ಬರೂ 2020ರಲ್ಲಿ, ಒಬ್ಬರು ಏಪ್ರಿಲ್‌ನಲ್ಲಿ, ಇನ್ನೊಬ್ಬರು ಸೆಪ್ಟೆಂಬರ್‌ನಲ್ಲಿ.

ಕಳೆದುಹೋದ ಕಂತುಗಳು ಸಿಗಲಿ ಎಂದು ನಾನೂ ಹಾರೈಸುತ್ತೇನೆ. ಯಾವುದೋ ಅಟ್ಟದ ಮೇಲೆ ತಗಡಿನ ಡಬ್ಬಿಯೊಂದು ಇದ್ದರೂ ಇರಬಹುದು. ಆದರೆ ಹೆಂಡ್ರಿ ಆ ಶನಿವಾರಗಳಲ್ಲಿ ಪಟ್ಟ ಶ್ರಮ ಟೇಪು ಅಳಿಸಿದ್ದರಿಂದ ವ್ಯರ್ಥವಾಯಿತು ಎಂದು ಈಗ ಅನ್ನಿಸುತ್ತಿಲ್ಲ. ನೇರಪ್ರಸಾರದಲ್ಲಿ ನಿಂತ ನಟನಿಗೆ ಟೇಪಿನ ಭರವಸೆಯಿರಲಿಲ್ಲ. ಎದುರಿಗೆ ಇದ್ದದ್ದು ಆ ಸಂಜೆ, ಆ ಮಾತು, ಜೊತೆಯ ನಟ. ಉಳಿದ ಮೂರು ಕಂತುಗಳಲ್ಲಿ ಅವನು ಒಂದು ಸಾಲನ್ನೂ ಅಲಕ್ಷ್ಯದಿಂದ ಆಡಿಲ್ಲ. ಅಳಿದ ಕಂತುಗಳಲ್ಲೂ ಆಡಿರಲಾರ.

ರಿಗ್ ಅವರ ಲೆಕ್ಕವೂ ಹೀಗೆಯೇ ತಲೆಕೆಳಗಾಗಿದೆ. ‘ಅವೆಂಜರ್ಸ್’ನಲ್ಲಿ ಅವರು ಇದ್ದದ್ದು ಎರಡು ಚಿಲ್ಲರೆ ವರ್ಷ. ತನಗಿಂತ ಕ್ಯಾಮೆರಾಮನ್‌ಗೆ ಹೆಚ್ಚು ಸಂಬಳವೆಂದು ತಿಳಿದಾಗ ದನಿಯೆತ್ತಿ ಹೆಚ್ಚು ಪಡೆದರು, ಅದಕ್ಕೆ ಪತ್ರಿಕೆಗಳಿಂದ ದುರಾಸೆಯವಳೆಂಬ ಮಾತೂ ಕೇಳಿದರು. ಆಮೇಲೆ ಬದುಕಿನ ಬಹುಪಾಲನ್ನು ಅವರು ಕೊಟ್ಟದ್ದು ರಂಗಭೂಮಿಗೆ. ಯೂರಿಪಿಡೀಸನ ‘ಮೀಡಿಯಾ’ದ ಪಾತ್ರಕ್ಕೆ 1994ರಲ್ಲಿ ಬ್ರಾಡ್‌ವೇಯ ಟೋನಿ ಪ್ರಶಸ್ತಿ ಬಂತು. ಎಮ್ಮಾ ಪೀಲ್ ಈಗಲೂ ಬೇಕೆಂದಾಗ ಸಿಗುತ್ತಾಳೆ, ಒಂದು ಗುಂಡಿ ಒತ್ತಿದರೆ ಸಾಕು. ಮೀಡಿಯಾ ಪ್ರತಿರಾತ್ರಿ ಹುಟ್ಟಿ ಪ್ರತಿರಾತ್ರಿ ಮುಗಿದುಹೋದವಳು. ಅವಳನ್ನು ಕಣ್ಣಾರೆ ಕಂಡ ಜನ ಲಂಡನ್ನಿನಲ್ಲಿ, ನ್ಯೂಯಾರ್ಕಿನಲ್ಲಿ ಇನ್ನೂ ಇದ್ದಾರೆ. ಅವರಲ್ಲಿ ಒಬ್ಬರಾದರೂ ಸಿಕ್ಕರೆ ಎದುರಿಗೆ ಕೂರಿಸಿಕೊಂಡು ಕೇಳಬೇಕು: ಮಕ್ಕಳನ್ನು ಕೊಂದು ಬಂದ ಆ ತಾಯಿಯಾಗಿ ಅವರು ಹೇಗೆ ನಿಂತರು, ಕೈ ಎಲ್ಲಿತ್ತು, ದನಿ ಎಷ್ಟು ಇಳಿದಿತ್ತು, ಆಗ ನಿಮಗೆ ಏನಾಯಿತು?